ಕೊಯಿಜುಮಿ ಮನೆತನದ ಲಫ್ಕಾಡಿಯೊ ಹರ್ನ್: ಹೊಂದಾಣಿಕೆ, ಮನೆಮಾತು ಮತ್ತು ಕಥನ

ಜಪಾನಿನ ಜನಪದ ಕಥನಗಳನ್ನೂ ದೈನಂದಿನ ಬದುಕನ್ನೂ ಇಂಗ್ಲಿಷ್ ಓದುಗರಿಗೆ ಪರಿಚಯಿಸಿದವರಲ್ಲಿ ಲಫ್ಕಾಡಿಯೊ ಹರ್ನ್ (1850-1904) ಪ್ರಮುಖನು. ಅವನನ್ನು ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಎರಡು ನಿಲುವುಗಳು ಕಂಡುಬರುತ್ತವೆ. ಪಶ್ಚಿಮವನ್ನು ತೊರೆದು ಪೂರ್ವದಲ್ಲಿ ಲೀನನಾದ ಭಾವುಕ ಎಂಬುದು ಒಂದು ನಿಲುವು; ಪೂರ್ವವನ್ನು ವಿಲಕ್ಷಣ ಸೊಬಗಿನ ವಸ್ತುವಾಗಿ ಕಂಡ ಪ್ರಾಚ್ಯವಾದಿ ಎಂಬುದು ಇನ್ನೊಂದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾದ ಈ ಎರಡೂ ನಿಲುವುಗಳು ಹರ್ನ್‌ನನ್ನು ಒಂಟಿ ವ್ಯಕ್ತಿಯನ್ನಾಗಿಯೇ ಪರಿಭಾವಿಸುತ್ತವೆ. ಆದರೆ ಜಪಾನಿನಲ್ಲಿ ಕಳೆದ ಹದಿನಾಲ್ಕು ವರ್ಷಗಳಲ್ಲಿ ಮೊದಲ ಕೆಲವು ತಿಂಗಳುಗಳನ್ನು ಬಿಟ್ಟರೆ ಉಳಿದ ಕಾಲವೆಲ್ಲ ಅವನು ಬಾಳಿದ್ದು ಕುಟುಂಬವೊಂದರ ನಡುವೆ. ಪರಸಂಸ್ಕೃತಿಯೊಂದಿಗಿನ ಅವನ ಹೊಂದಾಣಿಕೆಯು ವೈಯಕ್ತಿಕ ಅಭಿರುಚಿಯ ಫಲ ಮಾತ್ರವಾಗಿರದೆ, ಗಂಡಹೆಂಡಿರಿಬ್ಬರೂ ಸೇರಿ ನಡೆಸಿದ ದೈನಂದಿನ ದುಡಿಮೆಯಾಗಿತ್ತು ಎಂಬುದನ್ನು ಅವನ ಜೀವನದ ವಿವರಗಳ ಮೂಲಕ ಗುರುತಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

ಮುರಿದ ಮನೆಗಳು

ಹರ್ನ್ ಹುಟ್ಟಿದ್ದು 1850ರ ಜೂನ್ 27ರಂದು, ಆಗ ಬ್ರಿಟಿಷರ ಆಶ್ರಯದಲ್ಲಿದ್ದ ಅಯೋನಿಯನ್ ದ್ವೀಪಗಳಲ್ಲಿ ಒಂದಾದ ಲೆಫ್ಕಾಡದಲ್ಲಿ. ತಂದೆ ಚಾರ್ಲ್ಸ್ ಬುಷ್ ಹರ್ನ್ ಬ್ರಿಟಿಷ್ ಸೇನೆಯ ಐರಿಷ್ ವೈದ್ಯ. ತಾಯಿ ರೋಸಾ ಗ್ರೀಕ್ ಹೆಣ್ಣುಮಗಳು. 1852ರಲ್ಲಿ ತಾಯಿ ಮಗುವಿನೊಂದಿಗೆ ಡಬ್ಲಿನ್‌ನ ಗಂಡನ ಮನೆಗೆ ಬಂದಳು. ಅಲ್ಲಿನ ಭಾಷೆ, ಹವೆ, ಬಂಧುವರ್ಗ ಯಾವುದೂ ಅವಳಿಗೆ ಒಗ್ಗಲಿಲ್ಲ. 1854ರಲ್ಲಿ ಅವಳು ತಾಯ್ನಾಡಿಗೆ ಮರಳಿದಳು. ಮಗ ಮತ್ತೆಂದೂ ಅವಳನ್ನು ಕಾಣಲಿಲ್ಲ. ತಂದೆಯು ತಾಂತ್ರಿಕ ಕಾರಣವೊಂದನ್ನು ಮುಂದೊಡ್ಡಿ ಆ ವಿವಾಹವನ್ನೇ ಅನೂರ್ಜಿತಗೊಳಿಸಿ, ಮರುಮದುವೆಯಾಗಿ ಭಾರತದ ಸೇನಾಸೇವೆಗೆ ಹೊರಟುಹೋದನು. ಮಗುವನ್ನು ಸಾಕಿದವಳು ತಂದೆಯ ಕಡೆಯ ವೃದ್ಧ ಬಂಧು. ಹದಿನಾರನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ನಡೆದ ಅವಘಡದಿಂದ ಹರ್ನ್‌ನ ಎಡಗಣ್ಣು ಕುರುಡಾಯಿತು. ಉಳಿದ ಕಣ್ಣಿನ ದೃಷ್ಟಿಯೂ ದುರ್ಬಲವಾಗಿತ್ತು.

1869ರಲ್ಲಿ ಅವನು ಅಮೆರಿಕೆಯ ಸಿನ್ಸಿನಾಟಿಗೆ ಹೋಗಿ, ಬಡತನದ ದಿನಗಳನ್ನು ಕಳೆದು, ಪತ್ರಕರ್ತನಾದನು. 1874ರಲ್ಲಿ ಕಪ್ಪು ಜನಾಂಗಕ್ಕೆ ಸೇರಿದ ಅಲೀತಿಯಾ ಫೋಲಿಯನ್ನು ಮದುವೆಯಾದನು. ಓಹಾಯೋ ರಾಜ್ಯದ ಕಾನೂನು ಅಂದು ಇಂತಹ ವಿವಾಹವನ್ನು ಒಪ್ಪುತ್ತಿರಲಿಲ್ಲ. ಅವನು ಕೆಲಸವನ್ನೂ ಕಳೆದುಕೊಂಡನು, ಆ ದಾಂಪತ್ಯವೂ ಉಳಿಯಲಿಲ್ಲ. ಅನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ದಶಕ, ಮಾರ್ಟಿನಿಕ್ ದ್ವೀಪದಲ್ಲಿ ಸುಮಾರು ಎರಡು ವರ್ಷ ಕಳೆದು, 1890ರ ಏಪ್ರಿಲ್‌ನಲ್ಲಿ ಯೊಕೊಹಾಮಾದಲ್ಲಿ ಬಂದಿಳಿದನು. ಗಂಡನ ನಾಡಿಗೆ ಹೊಂದಿಕೊಳ್ಳಲಾರದೆ ಹೋದ ತಾಯಿ, ಕಾನೂನಿನ ನೆಪದಲ್ಲಿ ಕಳಚಿಕೊಂಡ ತಂದೆ, ಕಾನೂನೇ ಒಪ್ಪದ ತನ್ನ ಮೊದಲ ಮದುವೆ, ಈ ಮೂರು ಅನುಭವಗಳು ಮುಂದಿನ ಅವನ ನಿರ್ಧಾರಗಳ ಹಿನ್ನೆಲೆಯಲ್ಲಿವೆ ಎಂಬುದನ್ನು ಮರೆಯುವಂತಿಲ್ಲ.

ಮಾತ್ಸುಎ ಪಟ್ಟಣ

ಪತ್ರಿಕೆಯೊಂದರ ಪರವಾಗಿ ಬಂದಿದ್ದ ಹರ್ನ್ ಬಹುಬೇಗ ಆ ಒಪ್ಪಂದವನ್ನು ಮುರಿದುಕೊಂಡನು. ಜಪಾನ್ ವಿದ್ವಾಂಸ ಬ್ಯಾಸಿಲ್ ಹಾಲ್ ಚೇಂಬರ್‌ಲೇನ್ ಮೊದಲಾದವರ ನೆರವಿನಿಂದ 1890ರ ಆಗಸ್ಟ್‌ನಲ್ಲಿ ಶಿಮಾನೆ ಪ್ರಾಂತ್ಯದ ಮಾತ್ಸುಎಯಲ್ಲಿ ಇಂಗ್ಲಿಷ್ ಶಿಕ್ಷಕನಾದನು. ಮೊದಲು ತಂಗಿದ್ದ ವಸತಿಗೃಹದಲ್ಲಿದ್ದ ಹುಡುಗಿಯೊಬ್ಬಳ ಕಣ್ಣುಬೇನೆಯನ್ನು ಅದರ ಒಡೆಯ ಉಪೇಕ್ಷಿಸಿದನೆಂದು ಸಿಟ್ಟಾಗಿ ಅಲ್ಲಿಂದ ಹೊರಬಂದದ್ದು, ಅವಳಿಗೆ ಚಿಕಿತ್ಸೆ ಕೊಡಿಸಿದ್ದು ಅವನ ಸ್ವಭಾವವನ್ನು ತೋರುವ ಸಂಗತಿ. ಆ ವರ್ಷದ ಕಡು ಚಳಿಯಲ್ಲಿ ಅವನು ಕಾಯಿಲೆ ಬಿದ್ದನು. ಮನೆವಾರ್ತೆ ನೋಡಿಕೊಳ್ಳಲು ಯಾರಾದರೂ ಬೇಕಾಗಿತ್ತು. 1891ರ ಆರಂಭದಲ್ಲಿ ಕೊಯಿಜುಮಿ ಸೆತ್ಸು ಅವನ ಮನೆಗೆ ಬಂದಳು.

ಸೆತ್ಸು 1868ರಲ್ಲಿ ಮಾತ್ಸುಎಯ ಸಮುರಾಯ್ ಮನೆತನದಲ್ಲಿ ಹುಟ್ಟಿದವಳು. ಶೈಶವದಲ್ಲಿಯೇ ಇನಾಗಾಕಿ ಮನೆತನಕ್ಕೆ ದತ್ತು ಹೋದವಳು. ಅವಳು ಹುಟ್ಟಿದ ವರ್ಷವೇ ಮೇಯಿಜಿ ಆಡಳಿತ ಆರಂಭವಾಯಿತು. ಸಮುರಾಯ್‌ಗಳ ವಂಶಪಾರಂಪರ್ಯ ವೇತನವು 1876ರಲ್ಲಿ ಕೊನೆಗೊಂಡಾಗ ಇಂತಹ ಮನೆತನಗಳು ದಾರಿದ್ರ್ಯಕ್ಕೆ ಇಳಿದವು. ಓದು ಬೇಗನೆ ನಿಂತು, ಸೆತ್ಸು ಎಳೆಯ ವಯಸ್ಸಿನಲ್ಲಿಯೇ ಮಗ್ಗದ ಮುಂದೆ ಕುಳಿತಳು. ಅವಳ ಮೊದಲ ವಿವಾಹವೂ ಬಡತನದ ಒತ್ತಡದಲ್ಲಿ ಮುರಿದಿತ್ತು. ಹೀಗಾಗಿ ವಿದೇಶಿಯನ ಮನೆಯನ್ನು ಸೇರಿದ್ದು ಅವಳಿಗೆ ಹಸಿವು ಮತ್ತು ಅಪವಾದಗಳ ನಡುವಿನ ಆಯ್ಕೆಯಾಗಿತ್ತು. ಇಲ್ಲಿ ಹೊಂದಿಕೊಳ್ಳಬೇಕಾದವನು ಹರ್ನ್ ಒಬ್ಬನೇ ಅಲ್ಲ. ತನ್ನ ಊರಿನಲ್ಲಿಯೇ ಇದ್ದ ಸೆತ್ಸುವಿಗೂ ಇದು ಪರದೇಶ ಪ್ರವೇಶವೇ ಆಗಿತ್ತು.

ಅದೇ ವರ್ಷ ಇಬ್ಬರೂ ಕೋಟೆಯ ಸಮೀಪದ ಹಳೆಯ ಸಮುರಾಯ್ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಆ ಮನೆಯ ಕೊಳ, ಕಲ್ಲು, ಕಪ್ಪೆ, ಕೀಟಗಳು 1894ರಲ್ಲಿ ಪ್ರಕಟವಾದ ಅವನ ಮೊದಲ ಜಪಾನ್ ಗ್ರಂಥದಲ್ಲಿ ದೀರ್ಘ ಅಧ್ಯಾಯವಾಗಿ ಮೂಡಿವೆ. ಶಾಲೆಯಿಂದ ಬಂದೊಡನೆ ಜಪಾನೀ ಉಡುಪು ತೊಟ್ಟು ಚಾಪೆಯ ಮೇಲೆ ಕುಳಿತು ಅಂಗಳ ನೋಡುವುದು ಅವನ ರೂಢಿಯಾಯಿತು. ಆದರೆ ಹೊಂದಾಣಿಕೆಗೆ ಮಿತಿಗಳೂ ಇದ್ದವು. ಆರಂಭದಲ್ಲಿ ಕೇವಲ ಜಪಾನೀ ಆಹಾರವನ್ನು ಉಂಡ ಅವನ ದೇಹ ಅದನ್ನು ತಾಳಲಿಲ್ಲ. ಮುಂದೆ ಮಾಂಸ, ರೊಟ್ಟಿಗಳ ಪಾಶ್ಚಾತ್ಯ ಊಟ ಅವನ ಪಾಲಿಗೆ ಉಳಿದುಕೊಂಡಿತು. ಉಡುಪಿನಲ್ಲಿ ಜಪಾನೀಯನಾದವನು ನಾಲಗೆಯಲ್ಲಿ ಹಾಗಾಗಲಿಲ್ಲ.

ಮನೆಮಾತು

1891ರ ನವೆಂಬರ್‌ನಲ್ಲಿ ಕುಟುಂಬ ದಕ್ಷಿಣದ ಕುಮಾಮೊತೊಗೆ ತೆರಳಿತು. ಜೂಡೊ ಪದ್ಧತಿಯ ಸ್ಥಾಪಕ ಕಾನೊ ಜಿಗೊರೊ ಮುಖ್ಯಸ್ಥನಾಗಿದ್ದ ಸರ್ಕಾರಿ ವಿದ್ಯಾಸಂಸ್ಥೆಯಲ್ಲಿ ಹರ್ನ್‌ಗೆ ಮಾತ್ಸುಎಯ ಎರಡರಷ್ಟು, ಅಂದರೆ ತಿಂಗಳಿಗೆ 200 ಯೆನ್ ಸಂಬಳ ದೊರೆಯಿತು. ಈ ಹೆಚ್ಚಳ ಅನಿವಾರ್ಯವೂ ಆಗಿತ್ತು. ಏಕೆಂದರೆ ಸೆತ್ಸುವಿನ ದತ್ತು ತಂದೆತಾಯಿಯರೂ ಸೇರಿದಂತೆ ಹಲವರು ಅದೇ ಸೂರಿನಡಿಯಲ್ಲಿದ್ದರು. ಬಂಧುತ್ವದ ಹೊಣೆಯೆಂಬುದು ಹರ್ನ್‌ಗೆ ಪುಸ್ತಕದಿಂದ ತಿಳಿದ ವಿಷಯವಾಗಿರದೆ, ಪ್ರತಿ ತಿಂಗಳು ತೆರಬೇಕಾದ ಲೆಕ್ಕವಾಗಿತ್ತು.

ಈ ಮನೆಯ ಭಾಷಾ ವ್ಯವಹಾರ ವಿಶೇಷ ಅಧ್ಯಯನಕ್ಕೆ ಯೋಗ್ಯವಾದುದು. ಸೆತ್ಸುವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹರ್ನ್‌ಗೆ ಜಪಾನೀ ಗ್ರಂಥಗಳನ್ನು ಸ್ವತಃ ಓದುವಷ್ಟು ಪರಿಣತಿ ಕೊನೆಯವರೆಗೂ ಬರಲಿಲ್ಲ. ಗಂಡನಿಂದ ಕೇಳಿದ ಇಂಗ್ಲಿಷ್ ಪದಗಳನ್ನು ಅವಳು ತನ್ನ ಲಿಪಿಯಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿ ಪುಸ್ತಕ ಉಳಿದುಬಂದಿದೆ. ಆದರೆ ಅವರ ನಡುವೆ ನೆಲೆನಿಂತದ್ದು ಬೇರೆಯದೇ ಆದ ಒಂದು ಮಾತು. ವಿಭಕ್ತಿಸೂಚಕಗಳನ್ನು ಬಿಟ್ಟ, ಕ್ರಿಯಾರೂಪಗಳನ್ನು ಸರಳಗೊಳಿಸಿದ, ಪದಕ್ರಮವನ್ನು ಸಡಿಲಿಸಿದ ಜಪಾನೀ ಅದು. ಮನೆಯವರು ಅದನ್ನು ಹರ್ನ್‌ನ ಭಾಷೆಯೆಂದೇ ಕರೆದರು. ಊರಿಗೆ ಹೋದಾಗ ಹೆಂಡತಿಗೆ ಅವನು ಕಾಗದ ಬರೆದದ್ದು ಕಟಕನ ಲಿಪಿಯಲ್ಲಿ, ಇದೇ ಮಾತಿನಲ್ಲಿ. ವ್ಯಾಕರಣ ಮುರಿದಿತ್ತು, ಸಂವಹನ ಮುರಿದಿರಲಿಲ್ಲ.

ಹರ್ನ್‌ನ ಕಥಾಸಾಹಿತ್ಯದ ಬಹುಭಾಗ ಹುಟ್ಟಿದ್ದು ಈ ಭಾಷೆಯಲ್ಲಿ. ಸೆತ್ಸು ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಿ ದೆವ್ವದ ಕಥೆಗಳ ಸಂಕಲನಗಳನ್ನು ತರುತ್ತಿದ್ದಳು, ಓದಿಕೊಳ್ಳುತ್ತಿದ್ದಳು, ರಾತ್ರಿ ಮಂದ ಬೆಳಕಿನಲ್ಲಿ ಹೇಳುತ್ತಿದ್ದಳು. ಪುಸ್ತಕವನ್ನು ನೋಡಿ ಓದಬಾರದು, ಕಥೆ ಅವಳದೇ ಮಾತಿನಲ್ಲಿ, ಅವಳದೇ ಆಲೋಚನೆಯಾಗಿ ಬರಬೇಕು ಎಂಬುದು ಅವನ ನಿಬಂಧನೆ. ಇಷ್ಟವಾದ ಕಥೆಯನ್ನು ಮತ್ತೆ ಮತ್ತೆ ಹೇಳಿಸಿ, ಪಾತ್ರದ ಕೂಗು ಹೇಗಿತ್ತು, ರಾತ್ರಿ ಎಂಥದಿತ್ತು ಎಂದು ಕೇಳುತ್ತಿದ್ದನು. ಕುರುಡ ಗಾಯಕ ಹೊಯಿಚಿಯ ಕಥೆಯನ್ನು ಬರೆಯುತ್ತಿದ್ದಾಗ ಅವಳು ಪಕ್ಕದ ಕೋಣೆಯಿಂದ ಮೆಲ್ಲಗೆ ಹೊಯಿಚಿಯ ಹೆಸರು ಕರೆದರೆ, ಇವನು ತಾನೇ ಆ ಕುರುಡನೆಂಬಂತೆ ಓಗೊಡುತ್ತಿದ್ದನಂತೆ. ಲಿಖಿತ ಪಠ್ಯವು ಮೌಖಿಕವಾಗಿ, ಮೌಖಿಕವು ಪರಭಾಷೆಯ ಬರಹವಾಗಿ ರೂಪಾಂತರಗೊಂಡ ಈ ಪ್ರಕ್ರಿಯೆಯಲ್ಲಿ ಸೆತ್ಸು ಕೇವಲ ಮಾಹಿತಿದಾರಳಲ್ಲ, ಮೊದಲ ನಿರೂಪಕಿ.

ನೋಂದಣಿಯ ಹೆಸರು

1893ರ ನವೆಂಬರ್‌ನಲ್ಲಿ ಮೊದಲ ಮಗ ಕಜುವೊ ಹುಟ್ಟಿದನು. ಮಗುವಿನೊಂದಿಗೆ ಕಾನೂನಿನ ಪ್ರಶ್ನೆಯೂ ಮನೆಗೆ ಬಂದಿತು. 1873ರ ರಾಜಶಾಸನದಂತೆ ವಿದೇಶಿಯನನ್ನು ವಿಧಿವತ್ತಾಗಿ ಮದುವೆಯಾದ ಜಪಾನೀ ಹೆಣ್ಣು ತನ್ನ ನಾಡಿನ ಸ್ಥಾನಮಾನವನ್ನು ಕಳೆದುಕೊಳ್ಳುತ್ತಿದ್ದಳು. ಮದುವೆ ವಿಧಿವತ್ತಾಗದಿದ್ದರೆ ಹರ್ನ್‌ನ ಮರಣಾನಂತರ ಹೆಂಡತಿ ಮಕ್ಕಳಿಗೆ ಅವನ ಆಸ್ತಿ ಸಲ್ಲುವ ಭರವಸೆ ಇರಲಿಲ್ಲ. ಉಳಿದಿದ್ದ ದಾರಿ ಒಂದೇ: ಗಂಡನೇ ಹೆಂಡತಿಯ ಮನೆತನಕ್ಕೆ ಸೇರಿ ಜಪಾನೀ ಪ್ರಜೆಯಾಗುವುದು. ಹಾಗಾದರೆ ವಿದೇಶಿ ಶಿಕ್ಷಕರಿಗೆ ಸಿಗುತ್ತಿದ್ದ ಹೆಚ್ಚಿನ ಸಂಬಳ ಕೈತಪ್ಪುವ ಭಯವಿತ್ತು. ಕೋಬೆಯಲ್ಲಿ ಪತ್ರಕರ್ತನಾಗಿದ್ದು, ಕಣ್ಣಿನ ತೊಂದರೆಯಿಂದ ಆ ಕೆಲಸವನ್ನು ಬಿಟ್ಟಿದ್ದ ದಿನಗಳಲ್ಲಿ ಅವನು ಈ ನಿರ್ಧಾರ ಕೈಗೊಂಡನು. 1896ರ ಫೆಬ್ರವರಿಯಲ್ಲಿ ಅವನು ಕೊಯಿಜುಮಿ ಯಕುಮೊ ಆದನು. ಯಕುಮೊ ಎಂದರೆ ಎಂಟು ಮೋಡಗಳು. ಮಾತ್ಸುಎ ಇರುವ ಇಜುಮೊ ಸೀಮೆಗೆ ಪ್ರಾಚೀನ ಕಾವ್ಯದಲ್ಲಿ ಸಲ್ಲುವ ವಿಶೇಷಣ.

ಈ ನಾಮಾಂತರವನ್ನು ಜಪಾನ್ ಪ್ರೇಮದ ಪರಾಕಾಷ್ಠೆ ಎಂದು ವರ್ಣಿಸುವುದುಂಟು. ಆದರೆ ಆ ವೇಳೆಗೆ ಆಧುನಿಕ ಜಪಾನಿನ ಬಗ್ಗೆ ಅವನಿಗೆ ಸಾಕಷ್ಟು ಭ್ರಮನಿರಸನವಾಗಿತ್ತು. ತಂದೆ ಕಾನೂನನ್ನು ಬಳಸಿ ಕುಟುಂಬವನ್ನು ಕಳಚಿದ್ದನು. ಮಗ ಅದೇ ಕಾನೂನನ್ನು ಬಳಸಿ ಕುಟುಂಬವನ್ನು ಕಟ್ಟಿದನು. ನಾಡಿನ ಮೇಲಣ ಪ್ರೀತಿಗಿಂತ ಮನೆಯ ಮೇಲಣ ಹೊಣೆ ಇಲ್ಲಿ ಮುಖ್ಯವಾಗಿ ಕೆಲಸ ಮಾಡಿದೆ.

ಟೋಕಿಯೊ: ಎರಡು ಜಪಾನ್‌ಗಳ ನಡುವೆ

1896ರ ಸೆಪ್ಟೆಂಬರ್‌ನಲ್ಲಿ ಅವನು ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಉಪನ್ಯಾಸಕನಾದನು. ಇವಾವೊ (1897), ಕಿಯೋಶಿ (1899), ಸುಜುಕೊ (1903) ಎಂಬ ಮತ್ತೆ ಮೂವರು ಮಕ್ಕಳಾದರು. ದುರ್ಬಲ ದೃಷ್ಟಿಯಿಂದಾಗಿ ಕಾಗದವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯಬೇಕಾಗಿದ್ದುದರಿಂದ ಅಸಾಮಾನ್ಯ ಎತ್ತರದ ಮೇಜೊಂದು ಅವನಿಗಾಗಿ ಸಿದ್ಧವಾಯಿತು. ಬೇಸಿಗೆಗಳಲ್ಲಿ ಯಾಯಿಜು ಎಂಬ ಕಡಲೂರಿನಲ್ಲಿ ಮೀನು ಮಾರುವವನೊಬ್ಬನ ಮನೆಯ ಮಹಡಿಯಲ್ಲಿ ಬಿಡಾರ ಹೂಡಿ ಮಕ್ಕಳೊಂದಿಗೆ ಈಜುತ್ತಿದ್ದನು. 1902ರಲ್ಲಿ ಕುಟುಂಬ ನಿಶಿ ಓಕುಬೊದ ಸ್ವಂತ ಮನೆಗೆ ಬಂದಿತು. ಅದರ ವ್ಯವಸ್ಥೆಯನ್ನೆಲ್ಲ ನೋಡಿಕೊಂಡವಳು ಸೆತ್ಸು.

ಈ ಮನೆಯೊಳಗೆ ಒಂದು ವೈರುಧ್ಯವಿತ್ತು. ತಂದೆ ಹಳೆಯ ಜಪಾನನ್ನು ಹುಡುಕುತ್ತಿದ್ದನು. ಮಗನಿಗೆ ಮಾತ್ರ ಪ್ರತಿದಿನ ಕಟ್ಟುನಿಟ್ಟಾಗಿ ಇಂಗ್ಲಿಷ್ ಪಾಠ ಹೇಳುತ್ತಿದ್ದನು. ಹಳೆಯ ಪತ್ರಿಕೆಗಳ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಕಲಿಸಿದ ಆ ಪಾಠಗಳ ಕಾಠಿಣ್ಯವನ್ನು ಕಜುವೊ ಮುಂದೆ ತನ್ನ ನೆನಪಿನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಮಿಶ್ರ ವಂಶದ ಮಗು ಹೊಸ ಜಪಾನಿನಲ್ಲಿ ಹೇಗೆ ಬಾಳೀತು ಎಂಬ ಆತಂಕ ಇದರ ಹಿಂದಿದೆ. ಅವನನ್ನು ಅಮೆರಿಕೆಗೆ ಕರೆದೊಯ್ಯುವ ಆಲೋಚನೆಯೂ ಇತ್ತು, ಅದು ಕೈಗೂಡಲಿಲ್ಲ. 1903ರಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯ ನಡುವೆಯೂ ಹರ್ನ್ ವಿಶ್ವವಿದ್ಯಾನಿಲಯವನ್ನು ತೊರೆಯಬೇಕಾಯಿತು. ಆ ಸ್ಥಾನಕ್ಕೆ ಬಂದವರಲ್ಲಿ ಮುಂದೆ ಪ್ರಸಿದ್ಧ ಕಾದಂಬರಿಕಾರನಾದ ನತ್ಸುಮೆ ಸೊಸೆಕಿಯೂ ಒಬ್ಬನು. ಇಂಗ್ಲೆಂಡಿನಲ್ಲಿ ಓದಿ ಬಂದ ಜಪಾನೀಯನಿಗಾಗಿ, ಜಪಾನೀಯನಾದ ಪರದೇಶಿ ಜಾಗ ಬಿಟ್ಟುಕೊಟ್ಟದ್ದು ಆ ಕಾಲದ ಚಲನೆಯನ್ನೇ ಸೂಚಿಸುತ್ತದೆ.

1904ರಲ್ಲಿ ಅವನು ವಾಸೆದಾ ವಿಶ್ವವಿದ್ಯಾನಿಲಯದಲ್ಲಿ ಬೋಧಿಸತೊಡಗಿದನು. ಅದೇ ವರ್ಷ ‘ಕ್ವೈದಾನ್’ ಪ್ರಕಟವಾಯಿತು. ಸೆಪ್ಟೆಂಬರ್ 26ರಂದು, ತನ್ನ 54ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅವನು ತೀರಿಕೊಂಡನು. ಬೌದ್ಧ ವಿಧಿಯಂತೆ ಅಂತ್ಯಕ್ರಿಯೆ ನಡೆದು, ಚಿತಾಭಸ್ಮವನ್ನು ಜೋಶಿಗಾಯ ಸ್ಮಶಾನದಲ್ಲಿ ಇರಿಸಲಾಯಿತು. ಯಕುಮೊ ಎಂಬ ಹೆಸರಿಗಾಗಿ ತೆತ್ತ ಬೆಲೆ ವ್ಯರ್ಥವಾಗಲಿಲ್ಲ. ಮನೆ, ಆಸ್ತಿ, ಕೃತಿಗಳ ಹಕ್ಕು ಕುಟುಂಬಕ್ಕೆ ಉಳಿದವು. ಸೆತ್ಸು 1932ರವರೆಗೆ ಬದುಕಿದಳು. 1914ರಲ್ಲಿ ಬೆಳಕು ಕಂಡ ಅವಳ ನೆನಪುಗಳಿಂದಲೇ ಮೇಲಿನ ಮನೆವಾರ್ತೆಯ ಅನೇಕ ವಿವರಗಳು ತಿಳಿದುಬಂದಿವೆ.

‘ಕ್ವೈದಾನ್’ ಕೃತಿಯ ಮುಖಪುಟದಲ್ಲಿರುವುದು ಹರ್ನ್‌ನ ಹೆಸರು ಮಾತ್ರ. ಆ ಕಥೆಗಳು ಜಪಾನೀ ಭಾಷೆಗೆ ಅನುವಾದಗೊಂಡು, ಅಲ್ಲಿಯ ಪಠ್ಯಪುಸ್ತಕಗಳಲ್ಲಿ ಸೇರಿ, ತಾಯ್ನೆಲಕ್ಕೆ ಮರಳಿದಾಗಲೂ ಹೇಳಿದವಳ ಹೆಸರು ಬಹುಕಾಲ ಹಿಂದೆಯೇ ಉಳಿಯಿತು. ಜನಪದ ಕಥನಗಳ ಸಂಗ್ರಹ ಮತ್ತು ಅನುವಾದಗಳ ಚರ್ಚೆಯಲ್ಲಿ ಕರ್ತೃತ್ವದ ಪ್ರಶ್ನೆಯನ್ನು ಎತ್ತುವವರು ಕೊಯಿಜುಮಿ ಮನೆಯ ಆ ಮಂದ ಬೆಳಕಿನ ಕೋಣೆಯನ್ನು ಗಮನಿಸುವುದು ಅಗತ್ಯ. ಪರದೇಶದ ಒಬ್ಬನು ಜಪಾನಿಗೆ ಹೊಂದಿಕೊಂಡನು ಎಂಬ ವಾಕ್ಯದಲ್ಲಿ ಕರ್ತೃಪದ ಏಕವಚನದಲ್ಲಿದೆ. ಅವನ ಜೀವನಚರಿತ್ರೆ ಅದನ್ನು ಬಹುವಚನಕ್ಕೆ ತಿದ್ದುತ್ತದೆ.