ಸರ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಎರಡು ಆಡಳಿತಗಳ ಬೆಂಗಳೂರಿಗೆ ಒಂದೇ ನೀರು

ಬೆಂಗಳೂರು ನಗರದಲ್ಲಿ ಹೊಸ ನೀರಿನ ಸಂಪರ್ಕಕ್ಕಾಗಿ ಅರ್ಜಿ ಸಲ್ಲಿಸುವ ನಾಗರಿಕರು ಇಂದು ಒಂದೇ ಮಂಡಳಿಯನ್ನು ಸಂಪರ್ಕಿಸುತ್ತಾರೆ. ನೂರಮೂವತ್ತು ವರ್ಷಗಳ ಹಿಂದೆ ಬೆಂಗಳೂರು ಎಂಬ ಹೆಸರಿನಲ್ಲಿ ಎರಡು ಊರುಗಳಿದ್ದು, ಎರಡು ಪುರಸಭೆಗಳೂ ಎರಡು ಸರ್ಕಾರಗಳೂ ಅಸ್ತಿತ್ವದಲ್ಲಿದ್ದವು. ಈ ಎರಡಕ್ಕೂ ಒಂದೇ ಕೆರೆಯಿಂದ ಕೊಳವೆಯ ಮೂಲಕ ನೀರನ್ನು ತರುವ ಕಾರ್ಯವು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್‌ರವರ ಕಾಲದಲ್ಲಿ ನೆರವೇರಿತು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಶೇಷಾದ್ರಿ ಅಯ್ಯರ್‌ರವರು 1845ನೇ ಇಸವಿ ಜೂನ್ 1ರಂದು ಮಲಬಾರ್ ಜಿಲ್ಲೆಯ ಪಾಲಘಾಟ್ ಬಳಿಯ ಕುಮಾರಪುರಂ ಗ್ರಾಮದಲ್ಲಿ ಜನಿಸಿದರು. ತಂದೆ ಕಲ್ಲಿಕೋಟೆಯಲ್ಲಿ ವಕೀಲರಾಗಿದ್ದರು. ಕಲ್ಲಿಕೋಟೆಯಲ್ಲಿ ಆರಂಭಿಕ ವ್ಯಾಸಂಗವನ್ನು ಪೂರೈಸಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು. ಕೆಲಕಾಲ ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರಕಾರರಾಗಿ ಸೇವೆ ಸಲ್ಲಿಸಿ, ಸಿ. ರಂಗಾಚಾರ್ಲುರವರ ಪ್ರೋತ್ಸಾಹದಿಂದ 1868ರಲ್ಲಿ ಮೈಸೂರಿಗೆ ಬಂದು ಅಷ್ಟಗ್ರಾಮ ವಿಭಾಗದ ನ್ಯಾಯಾಂಗ ಶಿರಸ್ತೇದಾರರಾಗಿ ನೇಮಕಗೊಂಡರು. ನೌಕರಿಯಲ್ಲಿ ಇದ್ದುಕೊಂಡೇ ಕಾನೂನು ಪದವಿಯನ್ನೂ ಪಡೆದರು. ಜಿಲ್ಲಾಧಿಕಾರಿ ಹುದ್ದೆಯನ್ನೂ ನಿರ್ವಹಿಸಿ ಹಂತಹಂತವಾಗಿ ಮೇಲೇರಿದ ಅವರು, ರಂಗಾಚಾರ್ಲುರವರು 1883ರ ಆರಂಭದಲ್ಲಿ ನಿಧನರಾದಾಗ ದಿವಾನ್ ಪದವಿಗೆ ಆಯ್ಕೆಯಾದರು. ಆಗ ಅವರ ವಯಸ್ಸು ಮೂವತ್ತೇಳು ವರ್ಷ. ಮುಂದಿನ ಸುಮಾರು ಹದಿನೆಂಟು ವರ್ಷಗಳ ಕಾಲ ಅವರು ಈ ಸ್ಥಾನದಲ್ಲಿ ಮುಂದುವರಿದರು.

ಅಧಿಕಾರ ವಹಿಸಿಕೊಂಡಾಗ ಸಂಸ್ಥಾನದ ಖಜಾನೆಯ ಸ್ಥಿತಿ ಸಮಾಧಾನಕರವಾಗಿರಲಿಲ್ಲ. 1876-78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತ್ತು. ಪರಿಹಾರ ಕಾರ್ಯಗಳಿಗಾಗಿ ಮಾಡಿದ ಸಾಲ ಸುಮಾರು 80 ಲಕ್ಷ ರೂಪಾಯಿಗಳಷ್ಟಿತ್ತು. ಆದುದರಿಂದ ಪ್ರತಿಯೊಂದು ಹೊಸ ಕಾಮಗಾರಿಗೂ ಮೊದಲು ಲೆಕ್ಕ ನೋಡುವುದು ಅನಿವಾರ್ಯವಾಗಿತ್ತು. ರೈಲು ಮಾರ್ಗಗಳ ವಿಸ್ತರಣೆ, ಕೆರೆ ಕಾಲುವೆಗಳ ದುರಸ್ತಿ, ಕೋಲಾರದ ಚಿನ್ನದ ಗಣಿಗಳ ಅಭಿವೃದ್ಧಿ ಇವೆಲ್ಲವೂ ಈ ಅವಧಿಯಲ್ಲಿ ನಡೆದು, ಸಾಲ ತೀರಿ ಉಳಿತಾಯದ ಆಯವ್ಯಯ ಸಾಧ್ಯವಾಯಿತು. 1891ರಲ್ಲಿ ಪ್ರಜಾಪ್ರತಿನಿಧಿ ಸಭೆಯ ಸದಸ್ಯರನ್ನು ಚುನಾವಣೆಯ ಮೂಲಕ ಆರಿಸುವ ಪದ್ಧತಿಯೂ ಜಾರಿಗೆ ಬಂದಿತು.

ಬೆಂಗಳೂರಿನ ವಿಷಯ ಬೇರೆಯೇ ಆಗಿತ್ತು. ಕೆಂಪೇಗೌಡರು ಕಟ್ಟಿದ ಪೇಟೆ ಹಾಗೂ ಅದರ ಸುತ್ತಲಿನ ಬಡಾವಣೆಗಳು ಮಹಾರಾಜರ ಸರ್ಕಾರಕ್ಕೆ ಸೇರಿದ್ದವು. 1809ರಲ್ಲಿ ಸ್ಥಾಪಿತವಾದ ದಂಡು ಪ್ರದೇಶವು, 1881ರಲ್ಲಿ ಅಧಿಕಾರವು ಮಹಾರಾಜರಿಗೆ ಮರಳಿ ಬಂದ ನಂತರವೂ, ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ವಶದಲ್ಲಿಯೇ ಉಳಿಯಿತು. 1862ರಿಂದಲೂ ಎರಡೂ ಕಡೆ ಪ್ರತ್ಯೇಕ ಪುರಸಭೆಗಳಿದ್ದವು. ಒಂದು ಕಡೆ ದಿವಾನರ ಆಜ್ಞೆ, ಇನ್ನೊಂದು ಕಡೆ ರೆಸಿಡೆಂಟರ ಆಜ್ಞೆ. ಕಾನೂನು, ಕರ, ನ್ಯಾಯಾಲಯ ಎಲ್ಲವೂ ಬೇರೆ. 1901ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 69,447 ಇದ್ದರೆ, ಸ್ಟೇಷನ್ನಿನ ಜನಸಂಖ್ಯೆ 89,599 ಇದ್ದಿತು. ಅಂದರೆ ಮಹಾರಾಜರ ಆಡಳಿತಕ್ಕೆ ಒಳಪಡದ ಬೆಂಗಳೂರೇ ದೊಡ್ಡದಾಗಿತ್ತು ಎಂಬುದನ್ನು ಗಮನಿಸಬೇಕು.

ನೀರಿನ ಕೊರತೆಗೆ ಮಾತ್ರ ಈ ಗಡಿ ತಿಳಿದಿರಲಿಲ್ಲ. ನಗರದವರು ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಬಾವಿ ಕಲ್ಯಾಣಿಗಳನ್ನೂ ಅವಲಂಬಿಸಿದ್ದರು. ಸ್ಟೇಷನ್ನಿನವರಿಗೆ ಹಲಸೂರು ಕೆರೆ ಹಾಗೂ ಮಿಲ್ಲರ್ಸ್ ಕೆರೆ ಆಧಾರವಾಗಿದ್ದವು. ಕ್ಷಾಮದ ಅನುಭವದ ನಂತರ 1882ರಲ್ಲಿ ಸ್ಯಾಂಕಿ ಕೆರೆಯನ್ನು ನಿರ್ಮಿಸಲಾಯಿತು. ಆದರೂ ಊರು ಬೆಳೆದಂತೆ ಊರೊಳಗಿನ ಕೆರೆಗಳ ನೀರು ಕಲುಷಿತಗೊಂಡು, ಬೇಸಿಗೆಯಲ್ಲಿ ತಳ ಕಾಣುತ್ತಿತ್ತು. ಎರಡು ಪುರಸಭೆಗಳು ತಮ್ಮ ತಮ್ಮ ಕೆರೆಗಳನ್ನು ಎಷ್ಟೇ ದುರಸ್ತಿ ಮಾಡಿದರೂ ಮಳೆ ತಪ್ಪಿದ ವರ್ಷ ಎರಡೂ ಕಡೆಯ ಕೊಡಗಳು ಖಾಲಿಯಾಗಿಯೇ ಇರುತ್ತಿದ್ದವು.

ಪರಿಹಾರವನ್ನು ಊರಿನ ಹೊರಗೆ ಹುಡುಕಲಾಯಿತು. ಬೆಂಗಳೂರಿನ ವಾಯುವ್ಯಕ್ಕೆ ಸುಮಾರು 18 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿ ನದಿಯ ನೀರನ್ನು ಸಂಗ್ರಹಿಸುವ ಯೋಜನೆಯನ್ನು 1894ರಲ್ಲಿ ಕೈಗೆತ್ತಿಕೊಳ್ಳಲಾಯಿತು. ಕೆರೆಯಿಂದ ನೀರು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಸೋಲದೇವನಹಳ್ಳಿಯವರೆಗೆ ಹರಿದು, ಅಲ್ಲಿಂದ ಹಬೆ ಯಂತ್ರಗಳ ಮೂಲಕ ಎತ್ತರದಲ್ಲಿರುವ ಬೆಂಗಳೂರಿಗೆ ಏರಬೇಕಾಗಿತ್ತು. ಮಹಾರಾಜರಾದ ಶ್ರೀ ಚಾಮರಾಜೇಂದ್ರ ಒಡೆಯರ್‌ರವರ ಹೆಸರನ್ನು ಈ ಜಲಕಾಮಗಾರಿಗೆ ಇಡಲಾಯಿತು. ಆದರೆ ನೀರು ಊರನ್ನು ತಲುಪುವುದನ್ನು ನೋಡುವ ಭಾಗ್ಯ ಮಹಾರಾಜರಿಗೆ ಇರಲಿಲ್ಲ. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಅವರು ಅಕಾಲ ಮರಣ ಹೊಂದಿದರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ, ಶೇಷಾದ್ರಿ ಅಯ್ಯರ್‌ರವರ ನೇತೃತ್ವದ ಮಂಡಳಿಯ ನೆರವಿನಿಂದ ಆಡಳಿತ ನಡೆಸಿದರು. 1896ರಲ್ಲಿ ಹೆಸರಘಟ್ಟದ ನೀರು ಬೆಂಗಳೂರಿಗೆ ಹರಿಯಿತು.

ಈ ಕಾಮಗಾರಿಯ ವಿಶೇಷವೆಂದರೆ ಕೆರೆಯೂ ಯಂತ್ರವೂ ಮೈಸೂರು ಸರ್ಕಾರದ್ದಾಗಿದ್ದು, ಫಲಾನುಭವಿಗಳು ಎರಡೂ ಆಡಳಿತಗಳ ಪ್ರಜೆಗಳಾಗಿದ್ದುದು. ಮೂಲ ಒಂದೇ ಆದರೂ ಒಳಗಿನ ಆಡಳಿತ ಹಾಗೂ ಕರ ವಸೂಲಿ ನಗರ ಮತ್ತು ಸ್ಟೇಷನ್‌ಗಳಲ್ಲಿ ಬೇರೆಬೇರೆಯಾಗಿಯೇ ಮುಂದುವರಿದವು. ಎರಡು ಪುರಸಭೆಗಳು ಸರಿಸಮಾನವಾಗಿ ಕುಳಿತು ಮಾಡಿಕೊಂಡ ಏರ್ಪಾಡು ಇದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ತೀರ್ಮಾನಗಳು ಮೇಲಿನ ಹಂತದಲ್ಲಿ, ದಿವಾನರ ಮತ್ತು ರೆಸಿಡೆಂಟರ ಕಚೇರಿಗಳ ನಡುವೆ ಆಗುತ್ತಿದ್ದವು. ಪುರಸಭೆಗಳ ಧ್ವನಿ ಆ ಕಾಲದಲ್ಲಿ ಕ್ಷೀಣವಾಗಿತ್ತು. ಆದರೂ ಎರಡು ಆಡಳಿತಗಳು ಎರಡು ಅಣೆಕಟ್ಟೆಗಳನ್ನು ಕಟ್ಟಲು ಹೊರಟಿದ್ದರೆ ಎರಡೂ ಅಪೂರ್ಣವಾಗಿ ಉಳಿಯುವ ಸಂಭವವಿತ್ತು.

ನೀರು ಬಂದು ಎರಡೇ ವರ್ಷಕ್ಕೆ ಹೆಚ್ಚಿನ ಪರೀಕ್ಷೆ ಎದುರಾಯಿತು. 1898ರ ಆಗಸ್ಟ್‌ನಲ್ಲಿ ರೈಲಿನ ಮೂಲಕ ಪ್ಲೇಗ್ ಮಾರಿ ಬೆಂಗಳೂರನ್ನು ಪ್ರವೇಶಿಸಿತು. ಇಕ್ಕಟ್ಟಾದ ಪೇಟೆ ಬೀದಿಗಳಲ್ಲಿ ಹಬ್ಬಿದ ರೋಗವು ಸ್ಟೇಷನ್ನಿನ ದಟ್ಟ ವಸತಿಗಳನ್ನೂ ಬಿಡಲಿಲ್ಲ. ಜನರು ಮನೆಮಠ ಬಿಟ್ಟು ಬಯಲಿನ ಗುಡಿಸಲುಗಳಿಗೆ ತೆರಳಿದರು. 1891ರಲ್ಲಿ 1,80,366 ಇದ್ದ ಎರಡೂ ಬೆಂಗಳೂರುಗಳ ಒಟ್ಟು ಜನಸಂಖ್ಯೆ 1901ರ ವೇಳೆಗೆ ಇಪ್ಪತ್ತೊಂದು ಸಾವಿರದಷ್ಟು ಇಳಿಯಿತು. ಒಂದು ಕಡೆ ರೋಗ ಹತೋಟಿಗೆ ಬಂದರೂ ಇನ್ನೊಂದು ಕಡೆಯಿಂದ ಮರಳಿ ಬರುವ ಭೀತಿ ಇದ್ದುದರಿಂದ, ಸುದ್ದಿ ತ್ವರಿತವಾಗಿ ತಲುಪುವುದು ಅವಶ್ಯವಾಗಿತ್ತು. ಪ್ಲೇಗ್ ನಿವಾರಣಾ ಕಾರ್ಯಗಳ ಹೊಂದಾಣಿಕೆಗಾಗಿ ಬೆಂಗಳೂರಿನಲ್ಲಿ ದೂರವಾಣಿ ತಂತಿಗಳನ್ನು ಹಾಕಲಾಯಿತು. ನಗರಕ್ಕೆ ಆರೋಗ್ಯಾಧಿಕಾರಿಯನ್ನು ನೇಮಿಸಿ, ಮನೆ ಕಟ್ಟಲು ನೈರ್ಮಲ್ಯದ ನಿಯಮಗಳನ್ನು ಜಾರಿಗೊಳಿಸಲಾಯಿತು. ಇಂದು ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವವರಿಗೆ ಬೇಸರ ತರಿಸುವ ಗಾಳಿ ಬೆಳಕು ಹಾಗೂ ತೆರಪು ಜಾಗದಂತಹ ನಿಯಮಗಳ ಹಿಂದೆ ಇಂತಹ ಸಾವುಗಳ ನೆನಪಿದೆ. ವಿಶಾಲವಾದ ರಸ್ತೆಗಳ ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು ಈ ಕಾಲದಲ್ಲಿಯೇ ರೂಪುಗೊಂಡವು. ಸ್ಟೇಷನ್ ಕಡೆ ಫ್ರೇಜರ್ ಟೌನ್ ತಲೆಯೆತ್ತಲು 1910ರವರೆಗೆ ಕಾಯಬೇಕಾಯಿತು. ಮಹಾರಾಣಿಯವರು 1897ರಲ್ಲಿ ಶಂಕುಸ್ಥಾಪನೆ ಮಾಡಿದ್ದ ವಿಕ್ಟೋರಿಯಾ ಆಸ್ಪತ್ರೆಯು 1900ರ ಡಿಸೆಂಬರ್‌ನಲ್ಲಿ ಪ್ರಾರಂಭವಾಯಿತು.

ಶೇಷಾದ್ರಿ ಅಯ್ಯರ್‌ರವರ ಆಡಳಿತಕ್ಕೆ ಟೀಕೆಗಳೂ ಇದ್ದವು. ಉನ್ನತ ಹುದ್ದೆಗಳಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಂದವರೇ ತುಂಬಿದ್ದಾರೆ, ಮೈಸೂರಿನವರಿಗೆ ಅವಕಾಶವಿಲ್ಲ ಎಂಬ ಅಸಮಾಧಾನ ಬಲವಾಗಿತ್ತು. ಅಧಿಕಾರವು ಒಬ್ಬರ ಕೈಯಲ್ಲಿ ಕೇಂದ್ರೀಕೃತವಾಗಿದೆ ಎಂದು ದೂರುತ್ತಿದ್ದವರೂ ಇದ್ದರು. ಇವು ಪೂರ್ಣವಾಗಿ ಆಧಾರರಹಿತವೆನ್ನಲಾಗದು. ನೆರೆಯ ಸರ್ಕಾರದೊಂದಿಗಿನ ಎಲ್ಲಾ ಒಡಂಬಡಿಕೆಗಳೂ ಹೆಸರಘಟ್ಟದಷ್ಟು ಸುಗಮವಾಗಿರಲಿಲ್ಲ. ಮದ್ರಾಸ್ ಪ್ರಾಂತ್ಯದೊಂದಿಗೆ ನದಿನೀರಿನ ಬಗ್ಗೆ 1892ರಲ್ಲಿ ಆದ ಒಪ್ಪಂದವು ಸಂಸ್ಥಾನದ ಹೊಸ ನೀರಾವರಿ ಕಾಮಗಾರಿಗಳಿಗೆ ಷರತ್ತುಗಳನ್ನು ವಿಧಿಸಿ, ಮುಂದೆ ದೀರ್ಘಕಾಲದ ವಿವಾದಕ್ಕೆ ಎಡೆಮಾಡಿಕೊಟ್ಟಿತು.

ಕಾವೇರಿಯ ಶಿವನಸಮುದ್ರ ಜಲಪಾತದಿಂದ ವಿದ್ಯುತ್ ಉತ್ಪಾದಿಸುವ ಯೋಜನೆಗೆ ಅವರು ತಮ್ಮ ಕೊನೆಯ ವರ್ಷಗಳನ್ನು ಮೀಸಲಿಟ್ಟರು. ಆ ವೇಳೆಗೆ ಆರೋಗ್ಯ ಕೆಟ್ಟಿತ್ತು. ನಿವೃತ್ತಿ ಹೊಂದಿದ ಕೆಲವೇ ತಿಂಗಳುಗಳಲ್ಲಿ, 1901ರ ಸೆಪ್ಟೆಂಬರ್ 13ರಂದು ನಿಧನರಾದರು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪಗಳು ಬೆಳಗಿದವು.

ಹೆಸರಘಟ್ಟದ ನೀರೂ ಬಹಳ ಕಾಲ ಸಾಲಲಿಲ್ಲ. 1920ರ ದಶಕದಲ್ಲಿ ಮಳೆಯ ಅಭಾವದಿಂದ ಕೆರೆ ಬರಿದಾದ ಬಳಿಕ, 1933ರಲ್ಲಿ ಅದೇ ಅರ್ಕಾವತಿಯ ಮೇಲೆ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ 1947ರಲ್ಲಿ ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆಗಳು ಸೇರಿ ಬೆಂಗಳೂರು ನಗರಪಾಲಿಕೆ ರಚನೆಯಾಯಿತು. ನೀರಿನ ಮೂಲ ಒಂದಾದ ಐವತ್ಮೂರು ವರ್ಷಗಳ ನಂತರ ಊರು ಒಂದಾಯಿತು. ನೀರು ಮತ್ತು ಒಳಚರಂಡಿಗೆ ಪ್ರತ್ಯೇಕ ಮಂಡಳಿ 1964ರಲ್ಲಿ ಅಸ್ತಿತ್ವಕ್ಕೆ ಬಂದಿತು. 2025ರಲ್ಲಿ ಬೆಂಗಳೂರಿನ ಪಾಲಿಕೆ ಐದಾಗಿ ವಿಂಗಡಣೆಯಾದಾಗಲೂ ನೀರು ಸರಬರಾಜು ಅದೇ ಮಂಡಳಿಯಲ್ಲಿ ಉಳಿಯಿತು.

ದಿವಾನರ ಸ್ಮರಣಾರ್ಥ ಶೇಷಾದ್ರಿಪುರಂ ಬಡಾವಣೆಗೆ ಅವರ ಹೆಸರನ್ನು ಇಡಲಾಗಿದೆ. ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆ 1913ರಲ್ಲಿ ಅನಾವರಣಗೊಂಡಿತು. ಅದರ ಹಿಂದಿನ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಆ ಉದ್ಯಾನದ ಒಂದು ಪಕ್ಕದಲ್ಲಿ ಹಳೆಯ ನಗರವೂ ಇನ್ನೊಂದು ಪಕ್ಕದಲ್ಲಿ ಹಳೆಯ ದಂಡು ಪ್ರದೇಶವೂ ಇದ್ದವು.