ಏಡಾ ಲವ್‌ಲೇಸ್: ಮೊದಲ ಬೆಲೆಗಳನ್ನು ಬರೆದಿಟ್ಟವಳು

ಆಂಗ್ಲ ಕವಿ ಬೈರನ್ನನ ದಾಂಪತ್ಯದ ಏಕೈಕ ಸಂತಾನವಾದ ಏಡಾ 1815ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಜನಿಸಿದಳು. ತಿಂಗಳೊಪ್ಪತ್ತಿನ ಕೂಸನ್ನೆತ್ತಿಕೊಂಡು ತಾಯಿ ಪತಿಗೃಹವನ್ನು ತೊರೆದಳು. ತಂದೆ ಮಗಳನ್ನು ಮತ್ತೆ ಕಾಣಲಿಲ್ಲ. 1824ರಲ್ಲಿ ಗ್ರೀಸಿನಲ್ಲಿ ತೀರಿಕೊಂಡನು. ಅವನ ಕಾವ್ಯೋನ್ಮಾದ ಮಗಳಿಗೆ ಅಂಟದಿರಲೆಂದು ತಾಯಿ ಆಕೆಗೆ ಗಣಿತವನ್ನು ಕಲಿಸಿದಳು. ಮದ್ದು ಪೂರ್ತಿಯಾಗಿ ಹತ್ತಲಿಲ್ಲವೆನ್ನಬೇಕು: ಏಡಾ ಗಣಿತವನ್ನೂ ಕಲ್ಪನೆಯ ಕಣ್ಣಿನಿಂದಲೇ ಕಂಡಳು.

1833ರಲ್ಲಿ ಆಕೆಗೆ ಚಾರ್ಲ್ಸ್ ಬ್ಯಾಬೇಜನ ಪರಿಚಯವಾಯಿತು. ಅವನು ಯೋಜಿಸಿದ ವಿಶ್ಲೇಷಕ ಯಂತ್ರವನ್ನು ಕುರಿತು ಇಟಲಿಯ ಮೆನಬ್ರಿಯಾ ಫ್ರೆಂಚಿನಲ್ಲಿ ಬರೆದ ಲೇಖನವನ್ನು ಏಡಾ ಇಂಗ್ಲಿಷಿಗೆ ತಂದು, ಏಳು ಟಿಪ್ಪಣಿಗಳೊಡನೆ 1843ರಲ್ಲಿ ಪ್ರಕಟಿಸಿದಳು. ಟಿಪ್ಪಣಿಗಳು ಮೂಲವನ್ನೇ ಮೀರಿ ಬೆಳೆದವು. ಟೀಕೆ-ವ್ಯಾಖ್ಯಾನಗಳ ಪರಂಪರೆಯನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ಸೋಜಿಗವೆನಿಸದು.

ಕೊನೆಯ ಟಿಪ್ಪಣಿಯಲ್ಲಿ ಬರ್ನೌಲಿ ಸಂಖ್ಯೆಗಳನ್ನು ಯಂತ್ರದಿಂದ ಗಣಿಸುವ ಕೋಷ್ಟಕವಿದೆ. ಯಂತ್ರದ ಸ್ಮೃತಿಯೆಂದರೆ ಸಂಖ್ಯೆಗಳನ್ನು ಧರಿಸುವ ಸ್ತಂಭಗಳ ಸಾಲು. ಗಣನೆ ತೊಡಗುವ ಮುನ್ನ ಯಾವ ಸ್ತಂಭದಲ್ಲಿ ಏನಿರಬೇಕೆಂಬುದನ್ನು ಆಕೆ ಮೊದಲು ಗೊತ್ತುಮಾಡುತ್ತಾಳೆ. ಒಂದನೆಯದರಲ್ಲಿ 1, ಎರಡನೆಯದರಲ್ಲಿ 2, ಮೂರನೆಯದರಲ್ಲಿ ಎಷ್ಟನೆಯ ಸಂಖ್ಯೆ ಬೇಕೆಂಬುದರ ಅಂಕ. ನಡುವಣ ಲೆಕ್ಕದ ಸ್ತಂಭಗಳಲ್ಲಿ ಸೊನ್ನೆ. ಮೊದಲೇ ದೊರೆತ ಮೂರು ಬರ್ನೌಲಿ ಸಂಖ್ಯೆಗಳಿಗೆ 21ರಿಂದ 23ರವರೆಗಿನ ಸ್ತಂಭಗಳು, ಬರಲಿರುವ ನಾಲ್ಕನೆಯದಕ್ಕೆ 24ನೆಯದು. ಸ್ತಂಭದ ಗುರುತಿನ ಎಡಮೇಲ್ತುದಿಯ ಕಿರಿಯ ಅಂಕವೊಂದು ಅದರ ಬೆಲೆ ಎಷ್ಟು ಸಲ ಬದಲಾಯಿತೆಂಬುದನ್ನು ತಿಳಿಸುತ್ತದೆ. ಹಿಂದಿನ ಸುತ್ತಿನ ಶೇಷ ಉಳಿದರೆ ಮುಂದಿನ ಉತ್ತರ ಕೆಡುವುದರಿಂದ ಎರಡು ಸ್ತಂಭಗಳನ್ನು ಕಡೆಗೆ ಮತ್ತೆ ಸೊನ್ನೆಗೆ ತರಲಾಗುತ್ತದೆ.

ಇಂದು ಜಾವಾ ಭಾಷೆಯಲ್ಲಿ ಹತ್ತು ಆಬ್ಜೆಕ್ಟುಗಳಿಗೆಂದು ಒಂದು ಅರೇಯನ್ನು ನಿರ್ಮಿಸಿದರೆ ದೊರೆಯುವುದು ಹತ್ತು ಬರಿಯ ಮನೆಗಳು. ಪ್ರತಿಯೊಂದಕ್ಕೂ ಆಬ್ಜೆಕ್ಟನ್ನು ಬೇರೆಬೇರೆಯಾಗಿ ರಚಿಸಿ, ಮೊದಲ ಬೆಲೆಗಳನ್ನು ಕೊಟ್ಟು ಇರಿಸಬೇಕು. ಬರಿಯ ಮನೆಯೊಳಗಿನ ಆಬ್ಜೆಕ್ಟನ್ನು ಕರೆದರೆ ಪ್ರೋಗ್ರಾಂ ಅಲ್ಲಿಯೇ ನಿಲ್ಲುತ್ತದೆ. ಆಬ್ಜೆಕ್ಟೆಂಬ ಕಲ್ಪನೆ ಏಡಾಳ ಕಾಲಕ್ಕಿರಲಿಲ್ಲ. ಸ್ಥಾನ ಬೇರೆ, ಅದರೊಳಗಣ ಬೆಲೆ ಬೇರೆ ಎಂಬ ವಿವೇಕ ಮಾತ್ರ ಆ ಕೋಷ್ಟಕದಲ್ಲಿ ನಿಚ್ಚಳವಾಗಿದೆ.

ಅದರಲ್ಲಿ ಬ್ಯಾಬೇಜನ ಪಾಲೆಷ್ಟೆಂಬ ವಾದ ಇನ್ನೂ ಮುಗಿದಿಲ್ಲ. ನಾಲ್ಕನೆಯ ಹೆಜ್ಜೆಯಲ್ಲಿ ಭಾಜ್ಯ-ಭಾಜಕಗಳು ಅದಲುಬದಲಾಗಿ ಅಚ್ಚಾಗಿವೆ. ಯಂತ್ರವೇ ಸಿದ್ಧವಾಗದಿದ್ದುದರಿಂದ ಕೋಷ್ಟಕವನ್ನು ಅದರ ಮೇಲೆ ನಡೆಸಿ ನೋಡುವ ಭಾಗ್ಯ ಆಕೆಗೆ ಒದಗಲಿಲ್ಲ. 1852ರ ನವೆಂಬರ್ 27ರಂದು, ತಂದೆ ತೀರಿಕೊಂಡ 36ನೆಯ ವಯಸ್ಸಿನಲ್ಲಿಯೇ, ಏಡಾ ಕ್ಯಾನ್ಸರಿನಿಂದ ಮರಣಹೊಂದಿದಳು. ಆಕೆಯ ಇಚ್ಛೆಯಂತೆ ಹಕ್ನಲ್ ಚರ್ಚಿನಲ್ಲಿ ತಂದೆಯ ಮಗ್ಗುಲಲ್ಲಿ ಸಮಾಧಿ ಮಾಡಲಾಯಿತು.