ಮೇಜರ್ ಆರ್ಮ್‌ಸ್ಟ್ರಾಂಗರೂ ಆಕಾಶದ ಇಕ್ಕಟ್ಟೂ

ಆಕಾಶವು ಅಪಾರವೆಂದು ನಾವು ವಾಡಿಕೆಯಲ್ಲಿ ಹೇಳುತ್ತೇವಾದರೂ ನಿಸ್ತಂತು ವಾರ್ತೆಯ ಮಟ್ಟಿಗೆ ಅದು ಬಹಳ ಇಕ್ಕಟ್ಟಾದ ಸ್ಥಳವೇ ಸರಿ. ಒಂದೇ ಕಂಪನಸಂಖ್ಯೆಯಲ್ಲಿ ಇಬ್ಬರು ಮಾತನಾಡಹೊರಟರೆ ಇಬ್ಬರ ಮಾತೂ ಕೆಡುವುದು. ಆದುದರಿಂದಲೇ ಮೊಬೈಲ್ ದೂರವಾಣಿಗೆಂದು ತರಂಗಪಟ್ಟಿಗಳನ್ನು ಸರ್ಕಾರಗಳು ಸಾವಿರಾರು ಕೋಟಿ ರೂಪಾಯಿಗಳಿಗೆ ಹರಾಜು ಹಾಕುತ್ತವೆಂಬುದನ್ನು ವಾಚಕರು ಬಲ್ಲರು. ಇರುವ ಎಡೆಯಲ್ಲಿ ಹೆಚ್ಚು ಮಾತನ್ನು ಹೆಚ್ಚು ಸ್ಪಷ್ಟವಾಗಿ ಸಾಗಿಸುವುದು ಹೇಗೆಂಬ ಪ್ರಶ್ನೆ ಇಂದಿನದಲ್ಲ. ಅದಕ್ಕೆ ಯಾರೂ ನಿರೀಕ್ಷಿಸದಂಥ ಉತ್ತರವನ್ನು ಕೊಟ್ಟು, ಆ ಉತ್ತರವನ್ನು ಲೋಕವು ಒಪ್ಪುವಂತೆ ಮಾಡುವುದರಲ್ಲಿ ತಮ್ಮ ಐಶ್ವರ್ಯವನ್ನೂ ನೆಮ್ಮದಿಯನ್ನೂ ಕಳೆದುಕೊಂಡ ಅಮೆರಿಕಾದ ಎಡ್ವಿನ್ ಹೊವರ್ಡ್ ಆರ್ಮ್‌ಸ್ಟ್ರಾಂಗರ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಆರ್ಮ್‌ಸ್ಟ್ರಾಂಗರು 1890ರ ಡಿಸೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಜನಿಸಿದರು. ತಂದೆ ಪುಸ್ತಕಪ್ರಕಾಶನ ಸಂಸ್ಥೆಯೊಂದರ ಅಧಿಕಾರಿ; ತಾಯಿ ಉಪಾಧ್ಯಾಯಿನಿಯಾಗಿದ್ದವರು. ಬಾಲ್ಯದಲ್ಲಿ ಬಂದ ಕಾಯಿಲೆಯೊಂದರಿಂದ ಎರಡು ವರ್ಷ ಶಾಲೆಗೆ ಹೋಗಲಾಗಲಿಲ್ಲ. ಭುಜ ಕೊರಳುಗಳ ಅದುರು ಜನ್ಮಪರ್ಯಂತ ಉಳಿಯಿತು. ಹಡ್ಸನ್ ನದಿಯ ದಂಡೆಯ ಯಾಂಕರ್ಸ್ ಪಟ್ಟಣದಲ್ಲಿ, ಮನೆಯ ಹಿತ್ತಲಿನಲ್ಲಿ, ತಾವೇ ನೂರಿಪ್ಪತ್ತೈದು ಅಡಿ ಎತ್ತರದ ಕಂಬವನ್ನು ನಿಲ್ಲಿಸಿ ದೂರದ ಸಂಕೇತಗಳನ್ನು ಆಲಿಸುತ್ತಿದ್ದರು. ಎತ್ತರವೆಂದರೆ ಅವರಿಗೆ ಎಂದೂ ಭಯವಿರಲಿಲ್ಲ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1912ರಲ್ಲಿ, ಅವರು ತಮ್ಮ ಮೊದಲನೆಯ ಶೋಧವನ್ನು ಮಾಡಿದರು. ಲೀ ಡಿ ಫಾರೆಸ್ಟರು ಕಂಡುಹಿಡಿದಿದ್ದ ವಾಲ್ವಿನಿಂದ ಹೊರಬರುವ ಸಂಕೇತದ ಒಂದಂಶವನ್ನು ಮರಳಿ ಅದರ ಬಾಯಿಗೇ ಊಡಿದರೆ ಕ್ಷೀಣಧ್ವನಿಯು ಹಲವು ಪಾಲು ಬಲಗೊಳ್ಳುವುದು. ಇನ್ನೂ ಹೆಚ್ಚು ಊಡಿದರೆ ವಾಲ್ವು ತಾನೇ ತರಂಗವನ್ನು ಹುಟ್ಟಿಸುವುದು. ಪದವಿ ದೊರೆಯುವವರೆಗೆ ಪೇಟೆಂಟಿಗೆ ಹಣ ಕೊಡಲು ತಂದೆ ಒಪ್ಪಲಿಲ್ಲ. ಅದಕ್ಕಾಗಿ ಮಗನು ತನ್ನ ನಕ್ಷೆಯನ್ನು ಒಬ್ಬ ನೋಟರಿಯ ಮುಂದೆ ಹಿಡಿದು, 1913ರ ಜನವರಿ 31ರ ತಾರೀಖು ಹಾಕಿಸಿ ಮುದ್ರೆ ಒತ್ತಿಸಿಕೊಂಡು ತೃಪ್ತಿಪಡಬೇಕಾಯಿತು. ಕೆಲವು ತಿಂಗಳ ಆ ವಿಳಂಬವೂ ಮುಂದೆ ಅವರಿಗೆ ತುಟ್ಟಿಯಾಯಿತು. ತಾವೇ ಮೊದಲು ಕಂಡವರೆಂದು ಡಿ ಫಾರೆಸ್ಟರು ಹಕ್ಕು ಹೂಡಿದರು. ವ್ಯಾಜ್ಯವು ಸುಮಾರು ಇಪ್ಪತ್ತು ವರ್ಷ ಎಳೆದಾಡಿ 1934ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆರ್ಮ್‌ಸ್ಟ್ರಾಂಗರ ವಿರುದ್ಧವಾಗಿ ತೀರಿತು. ಶೋಧದ ಕಾರ್ಯತತ್ತ್ವವನ್ನು ಮೊದಲು ಅರಿತು ವಿವರಿಸಿದವರು ಅವರೇ ಎಂದು ಎಂಜಿನಿಯರುಗಳು ಬಹುಮಟ್ಟಿಗೆ ನಂಬಿದ್ದರು, ನಮಗೂ ಹಾಗೆಯೇ ತೋರುತ್ತದೆ. ರೇಡಿಯೋ ಎಂಜಿನಿಯರುಗಳ ಸಂಸ್ಥೆಯು ಈ ಶೋಧಕ್ಕಾಗಿ ತಮಗೆ ಹಿಂದೆ ಕೊಟ್ಟಿದ್ದ ಪದಕವನ್ನು ಹಿಂದಿರುಗಿಸಲು ಅವರು ಅದೇ ವರ್ಷ ಸಭೆಗೆ ಹೋದರು. ಸಂಸ್ಥೆಯು ಅದನ್ನು ವಾಪಸು ಪಡೆಯಲು ನಿರಾಕರಿಸಿ, ತನ್ನ ಗೌರವವನ್ನು ಮತ್ತೊಮ್ಮೆ ದೃಢಪಡಿಸಿತು. ನ್ಯಾಯಾಲಯದ ತೀರ್ಪಿಗೆ ವಿದ್ವತ್ಸಭೆಯೊಂದು ಇಷ್ಟು ಸಭ್ಯವಾಗಿ ಅಸಮ್ಮತಿ ಸೂಚಿಸಿದ ಉದಾಹರಣೆ ವಿರಳ.

ಎರಡನೆಯ ಶೋಧವು ಮೊದಲನೆಯ ಮಹಾಯುದ್ಧದ ಫಲ. ಅಮೆರಿಕಾದ ಸೇನೆಯ ಸಂಕೇತವಿಭಾಗದಲ್ಲಿ ಅಧಿಕಾರಿಯಾಗಿ ಪ್ಯಾರಿಸ್ಸಿನಲ್ಲಿದ್ದಾಗ, 1918ರಲ್ಲಿ, ಬರುವ ತರಂಗವು ಯಾವುದೇ ಇರಲಿ ಅದನ್ನು ಗ್ರಾಹಕಯಂತ್ರದ ಒಳಗೆ ನಿಶ್ಚಿತವಾದ ಒಂದು ಮಧ್ಯಮ ಕಂಪನಸಂಖ್ಯೆಗೆ ಇಳಿಸಿ ಅಲ್ಲಿಯೇ ಬಲಪಡಿಸುವ ಉಪಾಯವನ್ನು ಅವರು ರೂಪಿಸಿದರು. ಇದೇ ಸೂಪರ್‌ಹೆಟೆರೊಡೈನ್ ಪದ್ಧತಿ. ಫ್ರಾನ್ಸಿನ ಲೂಸಿಯನ್ ಲೆವಿಯವರೂ ಇದೇ ಜಾಡಿನಲ್ಲಿ ನಡೆದಿದ್ದರೆಂಬುದನ್ನು ಇಲ್ಲಿ ಹೇಳದಿರುವುದು ಅನ್ಯಾಯವಾದೀತು. ಒತ್ತೊತ್ತಾಗಿ ನಿಂತ ಕೇಂದ್ರಗಳಲ್ಲಿ ಬೇಕಾದ ಒಂದನ್ನೇ ಆರಿಸಿಕೊಳ್ಳುವ ಶಕ್ತಿ ಸಾಮಾನ್ಯ ಗೃಹಸ್ಥನ ರೇಡಿಯೋ ಪೆಟ್ಟಿಗೆಗೆ ಬಂದದ್ದು ಇದರಿಂದ.

ಶೋಧಗಳ ಹಕ್ಕುಗಳನ್ನು ಮಾರಿ ಆರ್ಮ್‌ಸ್ಟ್ರಾಂಗರು ಶ್ರೀಮಂತರಾದರು. ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕಾ ಎಂಬ ಮಹಾಕಂಪನಿಯ ಷೇರುದಾರರಲ್ಲಿ ವ್ಯಕ್ತಿಗಳ ಪೈಕಿ ಅವರದೇ ದೊಡ್ಡ ಪಾಲಾಯಿತು. ಕಂಪನಿಯ ಧುರೀಣರಾದ ಡೇವಿಡ್ ಸಾರ್ನಾಫರು ಅವರ ಮಿತ್ರರು. ಸಾರ್ನಾಫರ ಕಾರ್ಯದರ್ಶಿನಿಯಾಗಿದ್ದ ಮೇರಿಯನ್ ಮಕಿನ್ನಿಸ್ ಎಂಬ ಮಹಿಳೆಯನ್ನೇ 1923ರಲ್ಲಿ ಅವರು ವಿವಾಹವಾದರು. ಅದೇ ವರ್ಷ ಕಂಪನಿಯ ಕಟ್ಟಡದ ಮಾಳಿಗೆಯ ಮೇಲಿದ್ದ ಗೋಪುರದ ತುದಿಯನ್ನು ಹತ್ತಿ ನಿಂತು ಸಾರ್ನಾಫರ ಕೋಪಕ್ಕೂ ಪಾತ್ರರಾದರು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಆ ಕಾಲದ ಪ್ರಸಾರದಲ್ಲಿ ಧ್ವನಿಯ ಏರಿಳಿತಕ್ಕೆ ತಕ್ಕಂತೆ ಅಲೆಯ ಎತ್ತರವು ಏರಿಳಿಯುತ್ತಿತ್ತು. ಸಿಡಿಲಿನಿಂದಲೂ ವಿದ್ಯುದ್ಯಂತ್ರಗಳಿಂದಲೂ ಹುಟ್ಟುವ ಚಟಚಟ ಸದ್ದು ಕೂಡ ಮುಖ್ಯವಾಗಿ ಅಲೆಯ ಎತ್ತರವನ್ನೇ ಕದಡುತ್ತದೆ. ಸಂಗೀತ ಯಾವುದು, ಸಿಡಿಲು ಯಾವುದು ಎಂದು ಯಂತ್ರಕ್ಕೆ ತಿಳಿಯದು. ಪ್ರಸಾರದ ಬಲವನ್ನು ಹೆಚ್ಚಿಸುವುದು, ಪಟ್ಟಿಯನ್ನು ಕಿರಿದುಮಾಡುವುದು, ಈ ಎರಡೇ ಮದ್ದುಗಳು ಪಂಡಿತರಿಗೆ ಗೊತ್ತಿದ್ದವು. ಎತ್ತರದ ಬದಲು ಕಂಪನಸಂಖ್ಯೆಯನ್ನೇ ಧ್ವನಿಗೆ ತಕ್ಕಂತೆ ಅಲುಗಿಸುವ ಮಾರ್ಗವನ್ನು ಕೆಲವರು ಯೋಚಿಸಿದ್ದುಂಟು. ಆದರೆ ಅದರಿಂದ ಎಡೆಯ ಉಳಿತಾಯವೇನೂ ಆಗದೆಂದು ಜಾನ್ ಕಾರ್ಸನ್ ಎಂಬ ಗಣಿತಜ್ಞರು 1922ರಲ್ಲಿ ಸಿದ್ಧಪಡಿಸಿದ್ದರು. ಕಾರ್ಸನ್ನರ ಲೆಕ್ಕ ಸರಿಯಾಗಿಯೇ ಇತ್ತು. ಉಳಿತಾಯವೇ ಇಲ್ಲವೆಂದ ಮೇಲೆ ಆ ಮಾರ್ಗದ ಗೊಡವೆಯೇ ಬೇಡವೆಂದು ಉಳಿದವರು ಬಿಟ್ಟರು.

ಆರ್ಮ್‌ಸ್ಟ್ರಾಂಗರು ಉಳಿತಾಯದ ಆಸೆಯನ್ನೇ ಬಿಟ್ಟರು. ಎಡೆಯನ್ನು ಧಾರಾಳವಾಗಿ ವೆಚ್ಚಮಾಡಿ ಕಂಪನಸಂಖ್ಯೆಯನ್ನು ಅಗಲವಾಗಿ ತೂಗಾಡಿಸಿ, ಗ್ರಾಹಕಯಂತ್ರದಲ್ಲಿ ಅಲೆಯ ಎತ್ತರವನ್ನೆಲ್ಲ ಒಂದೇ ಮಟ್ಟಕ್ಕೆ ಕತ್ತರಿಸಿಬಿಟ್ಟರೆ, ಆ ಎತ್ತರದಲ್ಲಿ ಮನೆಮಾಡಿದ್ದ ಗದ್ದಲವೂ ಅದರೊಡನೆ ಹೋಗುವುದು. ಹಳೆಯ ಪ್ರಸಾರಕ್ಕೆ ಸೆಕೆಂಡಿಗೆ 10 ಸಾವಿರ ಕಂಪನಗಳ ಅಗಲ ಸಾಕಾಗಿದ್ದರೆ ಇವರ ಪದ್ಧತಿಗೆ 2 ಲಕ್ಷ ಬೇಕಾಯಿತು. ಮೇಲ್ನೋಟಕ್ಕೆ ಇದು ದುಂದುವೆಚ್ಚವೇ. ಆದರೆ ಇದರಲ್ಲಿ ಇನ್ನೊಂದು ಗುಣವೂ ಇತ್ತು. ಒಂದೇ ಕಂಪನಸಂಖ್ಯೆಯ ಎರಡು ಕೇಂದ್ರಗಳು ಕೇಳಿಬಂದಾಗ ಯಂತ್ರವು ಬಲವಾದುದನ್ನು ಹಿಡಿದು ಇನ್ನೊಂದನ್ನು ಬಿಡುವುದು; ಆದಕಾರಣ ಅದೇ ಪಟ್ಟಿಯನ್ನು ಬೇರೆ ಊರಿಗೂ ನಿರಾತಂಕವಾಗಿ ಕೊಡಬಹುದು. ಎಡೆಯ ಅಗಲವನ್ನೂ ಪ್ರಸಾರದ ಬಲವನ್ನೂ ಒಂದಕ್ಕೊಂದು ವಿನಿಮಯ ಮಾಡಿಕೊಳ್ಳಬಹುದೆಂಬ ತತ್ತ್ವವನ್ನು ಕ್ಲಾಡ್ ಶ್ಯಾನನ್ನರು 1948ರಲ್ಲಿ ಗಣಿತಸೂತ್ರವಾಗಿ ನಿರೂಪಿಸಿದರು. ಸಂಕೇತವು ಗದ್ದಲಕ್ಕಿಂತ ಬಹಳ ಬಲವಾಗಿದ್ದರೆ, ಅಗಲವನ್ನು ಹೆಚ್ಚಿಸಿದಾಗ ಸಿಗುವ ಲಾಭದ ಮುಂದೆ ಬಲವನ್ನು ಹೆಚ್ಚಿಸಿದಾಗ ಸಿಗುವ ಲಾಭ ಕಡಿಮೆಯೆಂದು ಆ ಸೂತ್ರದಿಂದ ತಿಳಿಯುತ್ತದೆ. 1983ರಲ್ಲಿ ಅಮೆರಿಕಾದ ಷಿಕಾಗೋದಲ್ಲಿ ಆರಂಭವಾದ ಮೊಬೈಲ್ ದೂರವಾಣಿಯೂ, ಬೆಂಗಳೂರಿನಲ್ಲಿ 2001ರಲ್ಲಿ ತೆರೆದ ನಮ್ಮ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವೂ ಧ್ವನಿಯನ್ನು ಸಾಗಿಸಿದ್ದು ಈ ಆರ್ಮ್‌ಸ್ಟ್ರಾಂಗ್ ಮಾರ್ಗದಲ್ಲಿಯೇ.

1933ರ ಡಿಸೆಂಬರ್ 26ರಂದು ಪೇಟೆಂಟುಗಳು ದೊರೆತವು. ಮರುವರ್ಷ ಎಂಪೈರ್ ಸ್ಟೇಟ್ ಸೌಧದ 85ನೆಯ ಅಂತಸ್ತಿನಿಂದ ಪರೀಕ್ಷೆಗಳು ನಡೆದು, ಸುಮಾರು 70 ಮೈಲಿ ದೂರದಲ್ಲಿ ಸಂಗೀತವು ನಿರ್ಮಲವಾಗಿ ಕೇಳಿಬಂತು. 1935ರ ನವೆಂಬರಿನಲ್ಲಿ ಎಂಜಿನಿಯರುಗಳ ಸಭೆಯೊಂದರಲ್ಲಿ, ಯಾಂಕರ್ಸಿನ ಮಿತ್ರರ ಮನೆಯಲ್ಲಿ ಲೋಟಕ್ಕೆ ನೀರು ಸುರಿದ ಸದ್ದು ನ್ಯೂಯಾರ್ಕಿನಲ್ಲಿ ನೀರಿನ ಸದ್ದಾಗಿಯೇ ಕೇಳಿಸಿತೆಂದು ಸಭಿಕರು ಬೆರಗಾದರು. ಹಳೆಯ ಯಂತ್ರಗಳಲ್ಲಿ ಅಂಥ ಸದ್ದನ್ನು ಗುರುತಿಸುವುದು ಕಷ್ಟವಾಗಿತ್ತು.

ಕಂಪನಿಗೆ ಮಾತ್ರ ಇದು ಹಿತವಾಗಲಿಲ್ಲ. ಅದರ ಬಂಡವಾಳವೆಲ್ಲ ಹಳೆಯ ಪ್ರಸಾರದಲ್ಲಿತ್ತು, ಆಸೆಯೆಲ್ಲ ಟೆಲಿವಿಷನ್ನಿನಲ್ಲಿತ್ತು. ಟೆಲಿವಿಷನ್ ಪರೀಕ್ಷೆಗೆ ಸ್ಥಳ ಬೇಕೆಂದು ಸೌಧದಿಂದ ಆರ್ಮ್‌ಸ್ಟ್ರಾಂಗರ ಯಂತ್ರಗಳನ್ನು 1935ರಲ್ಲಿ ತೆಗೆಸಲಾಯಿತು. ಅವರು ಷೇರುಗಳನ್ನು ಮಾರಿ, ಮೂರು ಲಕ್ಷ ಡಾಲರಿಗೂ ಮಿಗಿಲಾಗಿ ಸುರಿದು, ನ್ಯೂಜೆರ್ಸಿಯ ಆಲ್ಪೈನಿನಲ್ಲಿ ತಮ್ಮದೇ ಗೋಪುರವನ್ನೆತ್ತಿದರು. 1941ರಿಂದ ವಾಣಿಜ್ಯ ಪ್ರಸಾರಕ್ಕೆ ಸರ್ಕಾರದ ಅನುಮತಿಯೂ ದೊರೆಯಿತು. ಹಲವು ಕಂಪನಿಗಳು ರಾಯಲ್ಟಿ ಕೊಡಲೊಪ್ಪಿದವು. ಮಹಾಕಂಪನಿಯು ಮಾತ್ರ ಒಂದೇ ಸಲಕ್ಕೆ ಹತ್ತು ಲಕ್ಷ ಡಾಲರು ಕೊಟ್ಟು ಮುಗಿಸುವೆನೆಂದಿತು. ಇತರರು ತೆರುವಂತೆ ನೀವೂ ತೆರಬೇಕೆಂದು ಆರ್ಮ್‌ಸ್ಟ್ರಾಂಗರು ಹಟಹಿಡಿದರು. ವ್ಯವಹಾರಜ್ಞರು ಇದನ್ನು ಅವಿವೇಕವೆನ್ನಬಹುದು. ಹಣಕ್ಕಾಗಿ ಹಿಡಿದ ಹಟವಿದಲ್ಲವೆಂಬುದಕ್ಕೆ ಸಾಕ್ಷಿ ಬೇಕಾದರೆ, ಎರಡನೆಯ ಮಹಾಯುದ್ಧದಲ್ಲಿ ಇದೇ ಪೇಟೆಂಟುಗಳನ್ನು ಅವರು ತಮ್ಮ ದೇಶದ ಸೈನ್ಯಕ್ಕೆ ರಾಯಲ್ಟಿಯಿಲ್ಲದೆ ಬಿಟ್ಟುಕೊಟ್ಟಿದ್ದರು.

1945ರಲ್ಲಿ ಪ್ರಸಾರಮಂಡಲಿಯು ಈ ಪದ್ಧತಿಯನ್ನು ಅದರ ಮೊದಲಿನ ಪಟ್ಟಿಯಿಂದ ಎಬ್ಬಿಸಿ ಮೇಲಿನ ಪಟ್ಟಿಗೆ ಕಳುಹಿಸಿತು. ವಾತಾವರಣದ ಮೇಲ್ಪದರಗಳಿಂದ ಹಾವಳಿಯಾದೀತೆಂಬುದು ಮಂಡಲಿಯ ಕಾರಣ. ಅದನ್ನು ಆರ್ಮ್‌ಸ್ಟ್ರಾಂಗರು ಕಡೆಯವರೆಗೂ ಒಪ್ಪಲಿಲ್ಲ. ಜನರು ಕೊಂಡಿದ್ದ ಲಕ್ಷಾಂತರ ಯಂತ್ರಗಳು ನಿಷ್ಪ್ರಯೋಜಕವಾದವು; ತೆರವಾದ ಎಡೆಯ ಬಹುಭಾಗವು ಮೊದಲಿಗೆ ಟೆಲಿವಿಷನ್ನಿಗೆ ಹೋಯಿತು. ಸಾರ್ವಜನಿಕರ ಆಕಾಶವನ್ನು ಹಂಚುವ ಮಂಡಲಿಯೊಂದು, ಕಾರಣವು ಸರಿಯೇ ಇರಲಿ, ಜನರ ಕೈಯಲ್ಲಿದ್ದ ಸಾಧನಗಳ ಬಗ್ಗೆ ಇಷ್ಟು ನಿರ್ದಯವಾಗಿ ನಡೆದುಕೊಳ್ಳಬೇಕಾಗಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

1948ರಲ್ಲಿ ಆರ್ಮ್‌ಸ್ಟ್ರಾಂಗರು ಮಹಾಕಂಪನಿಯ ಮೇಲೆ ದಾವೆ ಹೂಡಿದರು. ಪ್ರತಿವಾದಿಯ ವಕೀಲರು ಅವರನ್ನೇ ದೀರ್ಘಕಾಲ ಪ್ರಶ್ನಿಸುತ್ತ ಕಾಲವನ್ನು ಕಳೆದರು. 1950ರ ಡಿಸೆಂಬರಿಗೆ ಪೇಟೆಂಟುಗಳ ಅವಧಿ ತೀರಿತು, ರಾಯಲ್ಟಿ ನಿಂತಿತು. ಹಣ ಕರಗಿತು, ಆರೋಗ್ಯ ಕೆಟ್ಟಿತು, ಮೂವತ್ತು ವರ್ಷ ಜೊತೆಗಿದ್ದ ಪತ್ನಿಯೊಡನೆಯೂ ಮನಸ್ತಾಪವಾಯಿತು. 1954ರ ಜನವರಿಯ ಕಡೆಯ ರಾತ್ರಿ, ತಮ್ಮ 63ನೆಯ ವಯಸ್ಸಿನಲ್ಲಿ, ಅವರು ತಾವಾಗಿಯೇ ಪ್ರಾಣತ್ಯಾಗ ಮಾಡಿದರು.

ವ್ಯಾಜ್ಯಗಳನ್ನು ಮೇರಿಯನ್ನರು ಬಿಡಲಿಲ್ಲ. ಮಹಾಕಂಪನಿಯು ಅದೇ ವರ್ಷದ ಡಿಸೆಂಬರಿನಲ್ಲಿ ಸುಮಾರು ಹತ್ತು ಲಕ್ಷ ಡಾಲರು ಕೊಟ್ಟು ರಾಜಿಮಾಡಿಕೊಂಡಿತು. ಹದಿನಾಲ್ಕು ವರ್ಷಗಳ ಹಿಂದೆ ತಾನು ನೀಡಬಂದಿದ್ದುದೂ ಬಹುತೇಕ ಅಷ್ಟೇ. ಉಳಿದ ಕಂಪನಿಗಳ ಮೇಲಿನ ದಾವೆಗಳು ಒಂದೊಂದಾಗಿ ಆ ಮಹಿಳೆಯ ಪರವಾಗಿ ತೀರುತ್ತ ಬಂದು, ಕಡೆಯದಾದ ಮೋಟರೋಲಾ ಕಂಪನಿಯ ದಾವೆಯು 1967ರಲ್ಲಿ ಮುಗಿಯಿತು.